ನದಿ ದಡದಲ್ಲಿ ನಾಲ್ಕು ದಿನ: ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಯಾವ ನದಿ, ಯಾವ ಮನೆ?

ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ನದಿ ದಡದ ಹೋಟೆಲ್ ಹುಡುಕಲು ಕೂತರೆ ಸ್ವಲ್ಪ ಹೊತ್ತಿನಲ್ಲೇ ತಲೆ ಕೆಡುತ್ತದೆ. ಎಲ್ಲ ಫೋಟೊಗಳೂ ಒಂದೇ ತರ. ಹಳೆ ಕಲ್ಲಿನ ಮನೆ, ಕತ್ತರಿಸಿದ ಹುಲ್ಲು, ಎರಡು ಒರಗು ಕುರ್ಚಿ, ಹಿಂದೆ ನೀರು. ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದರೆ ಹೋಗಿ ಇಳಿದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಒಂದು ನದಿಗೆ ಕಾಲಿಡುವಂತಿಲ್ಲ, ಇನ್ನೊಂದರಲ್ಲಿ ಮಧ್ಯಾಹ್ನವೆಲ್ಲ ಬಿದ್ದುಕೊಂಡಿರಬಹುದು. ಒಂದು ಊರಿಗೆ ರೈಲಿನಲ್ಲೇ ಹೋಗಿ ಇಳಿಯಬಹುದು, ಇನ್ನೊಂದರಲ್ಲಿ ಕಾರಿಲ್ಲದಿದ್ದರೆ ಕೈಕಾಲು ಕಟ್ಟಿ ಹಾಕಿದ ಹಾಗೆ. ಒಂದು ಕಡೆ ಸಸ್ಯಾಹಾರಿಗೆ ಹಬ್ಬ, ಇನ್ನೊಂದು ಕಡೆ ಆಲೂಗಡ್ಡೆಯನ್ನೂ ಬಾತುಕೋಳಿ ಕೊಬ್ಬಿನಲ್ಲೇ ಹುರಿಯುತ್ತಾರೆ.

ಹಾಗಾಗಿ ಹೋಟೆಲ್‌ನಿಂದ ಶುರು ಮಾಡಬೇಡಿ. ಮೊದಲು ನದಿ ಗೊತ್ತು ಮಾಡಿಕೊಳ್ಳಿ. ಆಮೇಲೆ ರಾತ್ರಿ ಊಟ ಎಲ್ಲಿ ಅಂತ ನೋಡಿ. ಕೋಣೆಯ ಯೋಚನೆ ಕೊನೆಗೆ. ಇಲ್ಲಿ ಮುಖ್ಯವಾಗಿ ಮೂರು ಕಣಿವೆಗಳನ್ನು ಹೋಲಿಸಿದ್ದೇನೆ: ಪ್ಯಾರಿಸ್‌ನಿಂದ ನೈಋತ್ಯಕ್ಕೆ ಲ್ವಾರ್, ಅದಕ್ಕೂ ಕೆಳಗೆ ದೋರ್ದೋನ್, ದಕ್ಷಿಣದ ಪ್ರೊವಾನ್ಸ್‌ನಲ್ಲಿ ಸೋರ್ಗ್. ಒಂದೇ ಮನೆಯಲ್ಲಿ ಕನಿಷ್ಠ ಮೂರು ನಾಲ್ಕು ರಾತ್ರಿ ಸುಮ್ನೆ ಇರಬೇಕು ಅನ್ನುವವರಿಗೆ ಈ ಬರಹ. ಒಂದು ವಾರದಲ್ಲಿ ಐದು ದೇಶ ಮುಗಿಸುವವರಿಗೆ ಇದರಿಂದ ಉಪಯೋಗವಿಲ್ಲ.

ಲ್ವಾರ್: ದೊಡ್ಡ ನದಿ ಬಿಡಿ, ಉಪನದಿ ಹಿಡಿಯಿರಿ

ಲ್ವಾರ್ ಫ್ರಾನ್ಸ್‌ನ ಅತಿ ಉದ್ದದ ನದಿ, ಸಾವಿರ ಕಿ.ಮೀ.ಗೂ ಮಿಕ್ಕಿ ಹರಿಯುತ್ತದೆ. ಅದರ ನಡುಭಾಗದ ಕಣಿವೆ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ರಾಜರ ಕಾಲದ ಅರಮನೆಗಳು ಸಾಲುಸಾಲಾಗಿ ಇರುವುದು ಇಲ್ಲೇ. ಅಂಬ್ವಾಜ್ ಊರಿನಲ್ಲಿ ಲಿಯೊನಾರ್ಡೊ ಡಾ ವಿಂಚಿ 1519ರಲ್ಲಿ ತೀರಿಕೊಂಡ ಮನೆ ಈಗಲೂ ಇದೆ. ಹೆಸರು ದೊಡ್ಡದು, ನೋಡಲು ಬೇಕಾದಷ್ಟಿದೆ, ಪ್ಯಾರಿಸ್‌ಗೂ ಹತ್ತಿರ.

ಆದರೆ ಆರಾಮಕ್ಕೆ ಅಂತ ಹೋಗುವವರು ಲ್ವಾರ್ ನದಿಯ ದಡದಲ್ಲೇ ಕೋಣೆ ಹಿಡಿಯುವ ಮುಂಚೆ ಎರಡು ಸಲ ಯೋಚಿಸಿ. ಪ್ರವಾಹ ತಡೆಯಲು ಶತಮಾನಗಳಿಂದ ಈ ನದಿಗೆ ಮಣ್ಣಿನ ಒಡ್ಡು ಕಟ್ಟುತ್ತಾ ಬಂದಿದ್ದಾರೆ. ನಮ್ಮ ಕೆರೆ ಏರಿಯ ಮೇಲೆ ರಸ್ತೆ ಓಡುವ ಹಾಗೆ, ಎಷ್ಟೋ ಕಡೆ ಈ ಒಡ್ಡಿನ ಮೇಲೇ ರಸ್ತೆ. ಹೋಟೆಲ್ ರಸ್ತೆಯ ಈಚೆ, ನದಿ ಆಚೆ. ಕಿಟಕಿ ತೆಗೆದರೆ ಮೊದಲು ಕೇಳುವುದು ನೀರಿನ ಸದ್ದಲ್ಲ, ಬೆಳಗಿನ ಲಾರಿ. ಕೆಳಗಿನ ಮಹಡಿಯ ಕೋಣೆಯಾದರೆ ನದಿ ಕಾಣುವುದೇ ಇಲ್ಲ, ಕಾಣುವುದು ಒಡ್ಡಿನ ಇಳಿಜಾರು.

ಇನ್ನೊಂದು ಸಂಗತಿ ನೀರಿನದು. ಬೇಸಿಗೆಯಲ್ಲಿ ಲ್ವಾರ್ ಬತ್ತಿ, ನಡುವೆ ಮರಳಿನ ದಿಣ್ಣೆಗಳು ಏಳುತ್ತವೆ. ನೋಡಲು ಬಹಳ ಚೆಂದ, ಹಕ್ಕಿಗಳು ಅಲ್ಲೇ ಮೊಟ್ಟೆ ಇಡುತ್ತವೆ. ಆದರೆ ಆ ಮರಳು ನಂಬುವಂಥದ್ದಲ್ಲ. ಮೊಣಕಾಲುದ್ದ ಅಂದುಕೊಂಡ ಕಡೆ ಒಂದು ಹೆಜ್ಜೆಗೆ ಆಳ ಸಿಗುತ್ತದೆ, ಒಳಗಿನ ಸೆಳೆತವೂ ಜೋರು. ಹಲವು ಊರುಗಳಲ್ಲಿ ಇಲ್ಲಿ ಈಜುವುದಕ್ಕೇ ನಿಷೇಧ. ನೋಡುವ ನದಿ ಇದು, ಇಳಿಯುವ ನದಿಯಲ್ಲ.

ಉಪನದಿಗಳ ಕತೆ ಬೇರೆ. ಆಂದ್ರ್, ಶೇರ್, ವಿಯೆನ್: ಮೂರೂ ಲ್ವಾರ್‌ಗೆ ಸೇರುವವೇ, ಮೂರೂ ತೂರ್ ನಗರದಿಂದ ಹತ್ತಿರ. ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ ಆಂದ್ರ್. ಎಷ್ಟೋ ಕಡೆ ಆಚೆ ದಡದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡಬಹುದು, ಅಷ್ಟು ಸಣ್ಣದು. ದಡದಲ್ಲಿ ಬಾಗಿದ ವಿಲ್ಲೋ ಮರಗಳು, ಹಿಂದೆ ಹಿಟ್ಟು ಬೀಸುತ್ತಿದ್ದ ನೀರಿನ ಗಿರಣಿಗಳು, ಬಟ್ಟೆ ಒಗೆಯಲು ಕಟ್ಟಿದ ಕಲ್ಲಿನ ಕಟ್ಟೆಗಳು. ಮನೆಗಳೆಲ್ಲ ತೂಫೊ ಅನ್ನುವ ಬಿಳಿ ಸುಣ್ಣಕಲ್ಲಿನವು. ಉಗುರಿನಿಂದ ಕೆರೆದರೆ ಪುಡಿ ಬರುವಷ್ಟು ಮೆದು, ಸಂಜೆ ಬಿಸಿಲಿಗೆ ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ. ಅಜೆ-ಲ-ರಿದೊ ಊರಿನ ಅರಮನೆ ಇದೇ ಆಂದ್ರ್ ನದಿಯ ನಡುಗಡ್ಡೆಯ ಮೇಲಿದೆ. ಹಗಲಿನ ಪ್ರವಾಸಿಗಳು ಹೋದ ಮೇಲೆ ಊರು ಊರಿನವರಿಗೇ ಉಳಿಯುತ್ತದೆ.

ಶೇರ್ ನದಿಯ ಹೆಸರು ಗೊತ್ತಿಲ್ಲದವರೂ ಅದರ ಫೋಟೊ ನೋಡಿರುತ್ತಾರೆ. ನದಿಯ ಮೇಲೇ ಕಮಾನುಗಳನ್ನು ಕಟ್ಟಿ, ಅದರ ಮೇಲೆ ಉದ್ದನೆ ಪಡಸಾಲೆ ಎಬ್ಬಿಸಿದ ಶೆನೋನ್ಸೊ ಅರಮನೆ ಇರುವುದು ಇಲ್ಲೇ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಹಿಡಿದ ಭಾಗಕ್ಕೂ ಹಿಡಿಯದ ಭಾಗಕ್ಕೂ ಈ ನದಿಯೇ ಗಡಿ. ಪಡಸಾಲೆಯ ಒಂದು ಬಾಗಿಲು ಆ ಕಡೆ, ಒಂದು ಈ ಕಡೆ. ಕಮಾನುಗಳ ಕೆಳಗೆ ದೋಣಿಯಲ್ಲಿ ಹಾದುಹೋಗಬಹುದು. ಅರಮನೆಯ ಒಳಗಿನ ನೂಕುನುಗ್ಗಲಿಗಿಂತ ನೀರಿನ ಮೇಲಿಂದ ನೋಡುವುದೇ ಮೇಲು.

ಕಾರು ಓಡಿಸದವರಿಗೆ, ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರಿಗೆ, ಮೊದಲ ಸಲದವರಿಗೆ ನಾನು ಹೇಳುವುದು ಈ ಕಣಿವೆಯನ್ನೇ. ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ತೂರ್ ಪಕ್ಕದ ಸ್ಯಾಂ-ಪಿಯೆರ್-ದೆ-ಕೋರ್‌ಗೆ ಟಿಜಿವಿ ಅನ್ನುವ ಅತಿವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಪ್ಯಾರಿಸ್‌ನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಕೆಳಗಿನಿಂದಲೇ ನೇರ ಟಿಜಿವಿಗಳೂ ಇವೆ, ಸಂಖ್ಯೆ ಕಮ್ಮಿ ಅಷ್ಟೆ. ಬೆಂಗಳೂರಿನಿಂದ ಏರ್ ಫ್ರಾನ್ಸ್‌ನ ನೇರ ವಿಮಾನದಲ್ಲಿ ಬಂದವರು ಪ್ಯಾರಿಸ್ ಊರೊಳಗೆ ಕಾಲಿಡದೆ ಸೀದಾ ನದಿ ದಡಕ್ಕೆ ಹೋಗಬಹುದು. ಶೆನೋನ್ಸೊಗೂ ಅಜೆ-ಲ-ರಿದೊಗೂ ತೂರ್‌ನಿಂದ ಸಣ್ಣ ರೈಲುಗಳಿವೆ. ನೆಲ ಸಮತಟ್ಟು. 'ಲ್ವಾರ್ ಆ ವೆಲೊ' ಅನ್ನುವ ಸೈಕಲ್ ದಾರಿ ಸುಮಾರು 900 ಕಿ.ಮೀ. ಉದ್ದವಿದೆ. ಅದರಲ್ಲಿ ಒಂದು ಹತ್ತು ಕಿ.ಮೀ. ತುಳಿದು, ದಾರಿಯಲ್ಲಿ ಏನಾದರೂ ತಿಂದು ವಾಪಸ್ ಬಂದರೆ ಸಾಕಲ್ವಾ?

ದೋರ್ದೋನ್: ನೀರಿಗೆ ಇಳಿಯುವವರ ನದಿ

ನದಿ ಅಂದರೆ ಇಳಿಯಬೇಕು, ನೆನೆಯಬೇಕು, ದೋಣಿ ಹುಟ್ಟು ಹಾಕಬೇಕು ಅನ್ನುವವರಿಗೆ ದೋರ್ದೋನ್ ಬಿಟ್ಟರೆ ಬೇರೆ ಇಲ್ಲ. ಮಾಸಿಫ್ ಸಾಂತ್ರಾಲ್ ಬೆಟ್ಟಗಳಲ್ಲಿ ಹುಟ್ಟಿ ಬೋರ್ದೊ ನಗರದ ಆಚೆ ಗಾರೋನ್ ನದಿಯನ್ನು ಕೂಡುತ್ತದೆ. ಇಡೀ ಜಲಾನಯನ ಪ್ರದೇಶವನ್ನು ಯುನೆಸ್ಕೊ 2012ರಲ್ಲಿ ಜೀವಗೋಳ ಮೀಸಲು ಎಂದು ಘೋಷಿಸಿತು. ನಡುಭಾಗದಲ್ಲಿ ನೀರು ತಿಳಿ, ತಳದಲ್ಲಿ ಉರುಟು ಕಲ್ಲು, ಬೇಸಿಗೆಯಲ್ಲಿ ಆಳವೂ ಜಾಸ್ತಿ ಇರುವುದಿಲ್ಲ. ರಬ್ಬರ್ ಚಪ್ಪಲಿ ಮಾತ್ರ ಬೇಕೇ ಬೇಕು, ಬರಿಗಾಲಿನಲ್ಲಿ ಆ ಕಲ್ಲಿನ ಮೇಲೆ ನಡೆಯಲಾಗದು.

ಇಲ್ಲಿನ ಮುಖ್ಯ ಸಂಭ್ರಮ ದೋಣಿ ಸವಾರಿ. ದೊಮ್ ಅನ್ನುವ ಗುಡ್ಡದ ಊರಿನ ಕೆಳಗಿನ ಸೆನಾಕ್‌ನಲ್ಲಿ ದೋಣಿ ಕೊಡುತ್ತಾರೆ. ಜೊತೆಗೆ ಒಂದು ಲೈಫ್ ಜಾಕೆಟ್, ಮುಚ್ಚಳ ತಿರುಗಿಸಿ ಬಿಗಿಮಾಡುವ ಒಂದು ಪ್ಲಾಸ್ಟಿಕ್ ಡ್ರಮ್. ಫೋನು, ಪಾಸ್‌ಪೋರ್ಟು, ಬುತ್ತಿ ಎಲ್ಲ ಅದರೊಳಗೆ. ಅಲ್ಲಿಂದ ಹೊಳೆಯೇ ಕರೆದುಕೊಂಡು ಹೋಗುತ್ತದೆ, ಹುಟ್ಟು ಹಾಕುವುದು ದಿಕ್ಕು ತಪ್ಪದಿರಲಿ ಅಂತ ಮಾತ್ರ. ಮೊದಲು ಬಂಡೆಗೆ ಅಂಟಿಕೊಂಡ ಲಾ ರೋಕ್-ಗಜಾಕ್ ಊರು, ಆಮೇಲೆ ಎಡಕ್ಕೆ ಕಾಸ್ತೆಲ್ನೊ ಕೋಟೆ, ಮುಂದೆ ಬಲಕ್ಕೆ ಬೆನಾಕ್ ಕೋಟೆ. ನೂರು ವರ್ಷಗಳ ಯುದ್ಧದಲ್ಲಿ ಒಂದು ಇಂಗ್ಲಿಷರ ಕಡೆ, ಒಂದು ಫ್ರೆಂಚರ ಕಡೆ, ನಡುವೆ ಇದೇ ಹೊಳೆ. ನಿಂತು ಊಟ ಮಾಡಿ, ಒಂದು ಮುಳುಗು ಹಾಕಿ ಬೆನಾಕ್ ಮುಟ್ಟುವಾಗ ಅರ್ಧ ದಿನ ಕಳೆದಿರುತ್ತದೆ. ಅಲ್ಲಿ ದೋಣಿ ಬಿಟ್ಟರೆ ಅವರದೇ ವ್ಯಾನು ವಾಪಸ್ ಕರೆತರುತ್ತದೆ.

ಒಂದು ಎಚ್ಚರಿಕೆ. ದೋಣಿ ಬಾಡಿಗೆಗೆ ಕೊಡುವ ಮುಂಚೆ ಈಜು ಬರುತ್ತದಾ ಅಂತ ಕೇಳುತ್ತಾರೆ, ಬರಲೇಬೇಕು. ಈಜು ಬಾರದವರಿಗೆ ಲಾ ರೋಕ್-ಗಜಾಕ್‌ನಿಂದ ಗಬಾರ್ ಅನ್ನುವ ಚಪ್ಪಟೆ ತಳದ ಮರದ ದೋಣಿಗಳಿವೆ. ಹಿಂದೆ ಬೋರ್ದೊ ಕಡೆಗೆ ಸರಕು ಸಾಗಿಸುತ್ತಿದ್ದ ದೋಣಿಗಳ ಮಾದರಿ ಅದು. ಅಜ್ಜಿ, ಮೊಮ್ಮಕ್ಕಳು ಎಲ್ಲ ಬೆಂಚಿನ ಮೇಲೆ ಕೂತು ಹೋಗಬಹುದು.

ಇನ್ನು ಕೋಣೆ. ಫೋಟೊದಲ್ಲಿ ಲಾ ರೋಕ್-ಗಜಾಕ್‌ನಷ್ಟು ಚೆಂದದ ಊರಿಲ್ಲ: ಕೆಳಗೆ ನೀರು, ಮೇಲೆ ಜೇನಿನ ಬಣ್ಣದ ಬಂಡೆ, ನಡುವೆ ಒಂದು ಸಾಲು ಮನೆ. ಫೋಟೊದಲ್ಲಿ ಕಾಣದ್ದು ಮನೆಗಳಿಗೂ ನೀರಿಗೂ ನಡುವೆ ಓಡುವ ರಸ್ತೆ. ಕಣಿವೆಯ ಮುಖ್ಯ ರಸ್ತೆಯೇ ಅದು. ಆಗಸ್ಟಿನಲ್ಲಿ ವಾಹನಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಅಲ್ಲಿ ಹಗಲು ಕಳೆಯಿರಿ, ಮಲಗಲು ಊರಿನಿಂದ ಸ್ವಲ್ಪ ಆಚೆ, ತೋಟದ ಕೊನೆಯೇ ನೀರಿಗೆ ಮುಟ್ಟುವ ಮನೆ ಹುಡುಕಿ. ಇಲ್ಲವೇ ಉತ್ತರಕ್ಕೆ ಬ್ರಾಂತೋಮ್‌ಗೆ ಹೋಗಿ. ಅದು ದ್ರೋನ್ ಅನ್ನುವ ಚಿಕ್ಕ ನದಿ ಸುತ್ತುವರಿದ ಊರು. ಹಳೆ ಮಠ, ಡೊಂಕು ಸೇತುವೆ, ನೀರಿನ ಅಂಚಿಗೇ ಊಟದ ಮೇಜು. ಸದ್ದುಗದ್ದಲವೂ ಕಮ್ಮಿ.

ಈ ಕಣಿವೆಗೆ ಕಾರು ಬೇಕು, ಬೇರೆ ದಾರಿಯಿಲ್ಲ. ಪ್ಯಾರಿಸ್‌ನಿಂದ ಬೋರ್ದೊಗೆ ಟಿಜಿವಿ 2017ರಿಂದ ಎರಡು ಗಂಟೆ ಸ್ವಲ್ಪದಲ್ಲಿ ಮುಟ್ಟಿಸುತ್ತದೆ. ಅಲ್ಲಿಂದ ಕಣಿವೆಯ ಹತ್ತಿರದ ಸಾರ್ಲಾ ಪಟ್ಟಣದವರೆಗೆ ನಿಧಾನದ ರೈಲೂ ಇದೆ. ಆದರೆ ಸಾರ್ಲಾದಿಂದ ಮುಂದೆ? ಬಸ್ಸು ಬೆರಳೆಣಿಕೆ. ಹಳ್ಳಿಯಲ್ಲಿ ಆ್ಯಪ್ ಒತ್ತಿದರೆ ಟ್ಯಾಕ್ಸಿ ಬರುವುದಿಲ್ಲ, ಹಿಂದಿನ ದಿನವೇ ಫೋನ್ ಮಾಡಿ ಹೇಳಿರಬೇಕು. ಬೋರ್ದೊ ನಿಲ್ದಾಣದಲ್ಲೇ ಕಾರು ತೆಗೆದುಕೊಳ್ಳುವುದು ಒಳ್ಳೆಯದು. ಊರಲ್ಲಿದ್ದಾಗಲೇ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಆಟೊಮ್ಯಾಟಿಕ್ ಕಾರು ಬೇಕಿದ್ದರೆ ಮೊದಲೇ ಕಾದಿರಿಸಿ, ಅವು ಕಮ್ಮಿ, ಬಾಡಿಗೆಯೂ ಜಾಸ್ತಿ. ರಸ್ತೆಯ ಬಲಕ್ಕೆ ಓಡಿಸುವುದು ಒಂದು ದಿನದಲ್ಲಿ ರೂಢಿಯಾಗುತ್ತದೆ. ಬೋರ್ಡೇ ಇಲ್ಲದ ಹಳ್ಳಿಯ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅನ್ನುವ ನಿಯಮ ತಲೆಗೆ ಹತ್ತಲು ಇನ್ನೂ ಸ್ವಲ್ಪ ಸಮಯ ಬೇಕು.

ಕಾರಿದ್ದರೆ ಲಾಭವೂ ಇದೆ. ವೆಜೇರ್ ಕಣಿವೆಯ ಮೊಂತಿನ್ಯಾಕ್ ದೂರವಿಲ್ಲ. ಲಾಸ್ಕೊ ಗುಹೆಯ ಚಿತ್ರಗಳು 1940ರಲ್ಲಿ ಸಿಕ್ಕಿದ್ದು ಅಲ್ಲೇ. ಮೂಲ ಗುಹೆಯನ್ನು 1963ರಲ್ಲಿ ಮುಚ್ಚಿದರು, ಈಗ ತೋರಿಸುವುದು 2016ರಲ್ಲಿ ತೆರೆದ ಪ್ರತಿಕೃತಿ. ಬುಧವಾರ, ಶನಿವಾರ ಬೆಳಿಗ್ಗೆ ಸಾರ್ಲಾದಲ್ಲಿ ಸಂತೆ. ಅಕ್ರೋಟು, ಸ್ಟ್ರಾಬೆರಿ, ರೊಕಮಾದೂರ್ ಅನ್ನುವ ಬಿಲ್ಲೆಯಷ್ಟೇ ಗಾತ್ರದ ಆಡಿನ ಹಾಲಿನ ಚೀಸು. ಒಂಬತ್ತಕ್ಕೆ ಮುಂಚೆ ಹೋಗಿ, ಹನ್ನೊಂದಕ್ಕೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಪಕ್ಕದ ಲೋತ್ ನದಿಯ ಬಗ್ಗೆ ಎರಡು ಮಾತು. ದೋರ್ದೋನ್‌ನಷ್ಟೇ ಚೆಂದ, ಜನ ಕಮ್ಮಿ, ಹೋಗಿ ಸೇರುವುದು ಇನ್ನೂ ಕಷ್ಟ. ಬಂಡೆಯ ತುದಿಯ ಸ್ಯಾಂ-ಸೀರ್-ಲಾಪೊಪಿಯಿಂದ ಕೆಳಗೆ ನೋಡಿದರೆ ನದಿ ಹಾವಿನಂತೆ ಹರಿದಾಡುವುದು ಕಾಣುತ್ತದೆ. ಅಲ್ಲಿ ಮನೆಯ ಬದಲು ದೋಣಿಮನೆಯನ್ನೇ ಬಾಡಿಗೆಗೆ ತೆಗೆದುಕೊಳ್ಳಬಹುದು, ಲೈಸೆನ್ಸ್ ಬೇಕಿಲ್ಲ. ಎರಡನೇ ಸಲ ಫ್ರಾನ್ಸ್‌ಗೆ ಹೋಗುವವರು ಯೋಚಿಸಬಹುದು.

ಸೋರ್ಗ್: ಸಣ್ಣ ನದಿ, ತಣ್ಣನೆ ನೀರು

ಸೋರ್ಗ್ ಬಹಳ ಚಿಕ್ಕದು. ಅವಿನ್ಯೋನ್‌ನ ಪೂರ್ವಕ್ಕೆ, ಫೋಂತೇನ್-ದ-ವೋಕ್ಲೂಜ್ ಅನ್ನುವ ಊರಿನಲ್ಲಿ, ದೊಡ್ಡ ಬಂಡೆಯ ಬುಡದಿಂದ ಒಮ್ಮೆಲೇ ನದಿಯಾಗಿಯೇ ಹೊರಬರುತ್ತದೆ. ಯುರೋಪಿನ ಅತಿ ದೊಡ್ಡ ಬುಗ್ಗೆಗಳಲ್ಲಿ ಇದೂ ಒಂದು. 1985ರಲ್ಲಿ ಒಂದು ರೋಬೋಟ್ ಇಳಿಸಿ ಅಳೆದಾಗ ಆಳ 308 ಮೀಟರ್ ಅಂತ ಗೊತ್ತಾಯಿತು. ಇಟಲಿಯ ಕವಿ ಪೆಟ್ರಾರ್ಕ 14ನೇ ಶತಮಾನದಲ್ಲಿ ಇದೇ ಕಣಿವೆಯಲ್ಲಿ ಮನೆ ಮಾಡಿಕೊಂಡಿದ್ದ. ವಸಂತದಲ್ಲಿ ಮಳೆ ಆದಮೇಲೆ ನೀರು ಭೋರ್ಗರೆಯುತ್ತದೆ. ಬೇಸಿಗೆ ಕೊನೆಗೆ ಹೋದರೆ ಮೇಲೆ ಒಂದು ನಿಶ್ಚಲ ಹೊಂಡ ಮಾತ್ರ ಕಾಣುತ್ತದೆ, ನೀರು ಸ್ವಲ್ಪ ಕೆಳಗೆ ಕಲ್ಲುಗಳ ಸಂದಿಯಿಂದ ಬರುತ್ತದೆ.

ನೆಲದಾಳದಿಂದ ಬರುವ ನೀರಾದ್ದರಿಂದ ವರ್ಷವಿಡೀ ಸುಮಾರು 13 ಡಿಗ್ರಿ. ಹೊರಗೆ 36 ಡಿಗ್ರಿ ಬಿಸಿಲಿರುವಾಗ ಕಾಲು ಇಳಿಬಿಟ್ಟು ಕೂರಲು ಸ್ವರ್ಗ. ಎರಡು ನಿಮಿಷಕ್ಕೆ ಪಾದ ಜೋಮು ಹಿಡಿದು ನೀವೇ ಮೇಲೆಳೆದುಕೊಳ್ಳುತ್ತೀರಿ. ಈಜುವ ಮಾತು ದೂರ. ಅಲ್ಲಿಂದ ಲಿಲ್-ಸುರ್-ಲಾ-ಸೋರ್ಗ್ ಕಡೆಗೆ ಸುಮಾರು 8 ಕಿ.ಮೀ. ದೋಣಿಯಲ್ಲಿ ಇಳಿಯಬಹುದು. ಆ ಊರಿನಲ್ಲಿ ನದಿ ಕವಲೊಡೆದು ಬೀದಿ ಬೀದಿಯಲ್ಲೂ ಹರಿಯುತ್ತದೆ. ಪಾಚಿ ಹಿಡಿದ ದೊಡ್ಡ ಮರದ ಚಕ್ರಗಳು ಈಗಲೂ ತಿರುಗುತ್ತಿವೆ. ಒಂದು ಕಾಲದಲ್ಲಿ ಉಣ್ಣೆ, ರೇಷ್ಮೆ, ಕಾಗದದ ಗಿರಣಿಗಳನ್ನು ನಡೆಸಿದ ಚಕ್ರಗಳು. ಭಾನುವಾರ ಹಳೆ ಸಾಮಾನಿನ ಸಂತೆ. ಊರೆಲ್ಲ ಜನ, ಕಾರು ಒಳಗೆ ಬರುವುದೇ ಕಷ್ಟ. ನೀವು ಭಾನುವಾರ ಬಂದು ಸೇರುವ ಲೆಕ್ಕ ಇಟ್ಟುಕೊಳ್ಳಬೇಡಿ.

ಅವಿನ್ಯೋನ್‌ಗೆ ಪ್ಯಾರಿಸ್‌ನಿಂದ ಟಿಜಿವಿ ಎರಡೂಮುಕ್ಕಾಲು ಗಂಟೆಯ ಆಸುಪಾಸು. ಅಲ್ಲಿಂದ ಲಿಲ್-ಸುರ್-ಲಾ-ಸೋರ್ಗ್‌ಗೆ ಸಣ್ಣ ರೈಲು ಅರ್ಧ ಗಂಟೆ. ಕಾರಿಲ್ಲದೆಯೂ ನಡೆಯುತ್ತದೆ, ಇದ್ದರೆ ಗುಡ್ಡದ ಊರುಗಳನ್ನು, ಜೂನ್ ಕೊನೆ ಜುಲೈನಲ್ಲಾದರೆ ಲ್ಯಾವೆಂಡರ್ ಹೊಲಗಳನ್ನು ನೋಡಬಹುದು. ತೊಂದರೆ ಎರಡು: ಜುಲೈ ಆಗಸ್ಟ್ ಬಿಸಿಲು ಮತ್ತು ಮಿಸ್ತ್ರಾಲ್ ಗಾಳಿ. ಆ ಗಾಳಿ ಎದ್ದರೆ ತೋಟದ ಕುರ್ಚಿ ಕೂಡ ಜಾಗದಲ್ಲಿ ಇರುವುದಿಲ್ಲ. ಅರಮನೆ, ಕೋಟೆಯ ವೈಭವ ಬೇಕಾದವರಿಗೆ ಇಲ್ಲಿ ಸಪ್ಪೆ ಅನ್ನಿಸಬಹುದು. ಆದರೆ ಮನೆಯಲ್ಲಿ ಶುದ್ಧ ಸಸ್ಯಾಹಾರಿಗಳಿದ್ದರೆ ಬೇರೆ ಯೋಚನೆಯೇ ಬೇಡ, ಇದೇ ಇರಲಿ.

ಊಟದಿಂದ ತೀರ್ಮಾನವಾಗುವ ವಿಷಯ

ಹಳ್ಳಿಗಾಡಿನ ಹೋಟೆಲ್‌ನಲ್ಲಿ ನಾಲ್ಕು ದಿನ ಇರುತ್ತೀರಿ ಅಂದರೆ ನಾಲ್ಕು ರಾತ್ರಿಯ ಊಟವೂ ಹೆಚ್ಚುಕಡಿಮೆ ಅಲ್ಲೇ. ಹತ್ತಿರದಲ್ಲಿ ಇನ್ನೊಂದು ಹೋಟೆಲ್ ಇರುವುದಿಲ್ಲ. ಇದ್ದರೂ ಭಾನುವಾರ ರಾತ್ರಿ, ಸೋಮವಾರ ಬಾಗಿಲು ಹಾಕಿರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ, ರಾತ್ರಿ ಏಳೂವರೆಯಿಂದ ಒಂಬತ್ತರೊಳಗೆ ಕೂತರೆ ಊಟ. ಆಮೇಲೆ ಬಂದವರಿಗೆ ಒಲೆ ಆರಿರುತ್ತದೆ, ಅದು ಬೇಸರದ ವಿಷಯವೂ ಅಲ್ಲ ಅವರಿಗೆ.

ದೋರ್ದೋನ್ ಸುತ್ತಲಿನ ಪೆರಿಗೋರ್ ಸೀಮೆ ಬಾತುಕೋಳಿ, ಹೆಬ್ಬಾತುಗಳ ಸೀಮೆ. ಮಾಂಸ ತಿನ್ನುವವರಿಗೆ ಫ್ರಾನ್ಸ್‌ನಲ್ಲಿ ಇದಕ್ಕಿಂತ ಒಳ್ಳೆ ಜಾಗ ಕಮ್ಮಿ. ಸಸ್ಯಾಹಾರಿಗಳಿಗೆ ಬಲೆ ಎಲ್ಲೆಲ್ಲೋ ಇರುತ್ತದೆ. ಬೆಳ್ಳುಳ್ಳಿ ಹಾಕಿ ಹೊಂಬಣ್ಣಕ್ಕೆ ಹುರಿದ ಸಾರ್ಲಾ ಶೈಲಿಯ ಆಲೂಗಡ್ಡೆ ನೋಡಿದರೆ ಬಾಯಲ್ಲಿ ನೀರೂರುತ್ತದೆ, ಹುರಿದದ್ದು ಬಾತುಕೋಳಿ ಕೊಬ್ಬಿನಲ್ಲಿ. ಅಕ್ರೋಟಿನ ಸಲಾಡ್ ಅಂತ ತರಿಸಿದರೆ ಮೇಲೆ ಬಾತುಕೋಳಿಯ ಚೂರು. ತರಕಾರಿ ಸೂಪಿಗೆ ಕೋಳಿಯ ಸಾರು. ಯಾರೂ ಮೋಸ ಮಾಡುತ್ತಿಲ್ಲ, ಅವರ ಅಡುಗೆಯೇ ಹಾಗೆ.

ಲ್ವಾರ್ ಕಡೆ ಸ್ವಲ್ಪ ಹಗುರ. ವಸಂತದಲ್ಲಿ ಆಸ್ಪರಾಗಸ್, ಸೋಮ್ಯೂರ್ ಬಳಿ ಕಲ್ಲು ತೆಗೆದ ಗುಹೆಗಳಲ್ಲಿ ಬೆಳೆಯುವ ಅಣಬೆ, ಬಗೆಬಗೆಯ ಆಡಿನ ಹಾಲಿನ ಚೀಸು. ಸ್ಯಾಂತ್-ಮೋರ್ ಚೀಸನ್ನು ಗಮನಿಸಿ ನೋಡಿ: ಬೂದಿ ಸವರಿದ ಉದ್ದನೆ ಉರುಳೆ, ನಡುವೆ ಈ ತುದಿಯಿಂದ ಆ ತುದಿಗೆ ಒಂದು ಹುಲ್ಲುಕಡ್ಡಿ. ಆ ಕಡ್ಡಿಯ ಮೇಲೆ ಸಣ್ಣ ಅಕ್ಷರದಲ್ಲಿ ಗುರುತು ಕೊರೆದಿರುತ್ತಾರೆ. ಕತ್ತರಿಸುವ ಮುಂಚೆ ಕಡ್ಡಿ ಎಳೆಯಬೇಕು. ಆದರೆ ಕಟ್ಟುನಿಟ್ಟಿನವರು ತಿಳಿದಿರಲಿ, ಇಂಥ ಸಾಂಪ್ರದಾಯಿಕ ಚೀಸುಗಳನ್ನು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ.

ಪ್ರೊವಾನ್ಸ್‌ನಲ್ಲಿ ಕೊಬ್ಬಿನ ಜಾಗಕ್ಕೆ ಆಲಿವ್ ಎಣ್ಣೆ ಬರುತ್ತದೆ. ಬದನೆ, ಟೊಮೆಟೊ, ಕುಂಬಳ ಜಾತಿಯ ಕೂರ್ಜೆತ್, ದಪ್ಪ ಮೆಣಸಿನಕಾಯಿ ಸೇರಿಸಿ ನಿಧಾನಕ್ಕೆ ಬೇಯಿಸಿದ ರಾಟಟೂಯಿ ಮನೆ ಮನೆಯ ಅಡುಗೆ. ಹುರುಳಿಕಾಯಿ, ಕಾಳು ಹಾಕಿ ಮಾಡಿ ತುಳಸಿ ಜಾತಿಯ ಬೇಸಿಲ್ ಅರೆದು ಬೆರೆಸುವ ಸೂಪೂ ಸಿಗುತ್ತದೆ. ಆಲಿವ್ ಅರೆದು ಮಾಡುವ ತಾಪೆನಾಡ್ ಮಾತ್ರ ಕೇಳಿ ತಿನ್ನಿ, ಅದಕ್ಕೆ ಆಂಚೊವಿ ಮೀನು ಸೇರಿಸುವ ರೂಢಿಯಿದೆ.

ಮೂರೂ ಕಡೆ ಕೆಲಸ ಮಾಡುವ ಉಪಾಯ ಒಂದೇ: 'ಸಸ್ಯಾಹಾರಿ' ಅಂದು ಬಿಡಬೇಡಿ. ಮಾಂಸ, ಮೀನು, ಕೋಳಿ, ಹಂದಿಮಾಂಸದ ಚೂರು, ಮಾಂಸದ ಸಾರು ಯಾವುದೂ ಬೇಡ ಅಂತ ಒಂದೊಂದಾಗಿ ಫ್ರೆಂಚಿನಲ್ಲಿ ಬರೆದು ಬುಕ್ ಮಾಡುವಾಗಲೇ ಕಳಿಸಿ. ಹಿಂದಿನ ದಿನ ಗೊತ್ತಾದರೆ ಅಡುಗೆಯವರು ಖುಷಿಯಿಂದ ಏನಾದರೂ ಮಾಡುತ್ತಾರೆ. ಮೇಜಿನ ಮುಂದೆ ಕೂತು ಹೇಳಿದರೆ ಆಮ್ಲೆಟ್. ಊರಿನಿಂದ ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಯುರೋಪ್ ಒಕ್ಕೂಟದಲ್ಲಿ ಬಿಡುವುದಿಲ್ಲ.

ಹೋಟೆಲೋ, ಯಾರದೋ ಮನೆಯೋ, ಬಾಡಿಗೆ ಮನೆಯೋ

ಹೋಟೆಲ್‌ಗೆ ಒಂದರಿಂದ ಐದು ನಕ್ಷತ್ರ. ಆ ನಕ್ಷತ್ರಗಳು ಸೌಕರ್ಯಗಳ ಲೆಕ್ಕ, ನದಿ ಎಷ್ಟು ಹತ್ತಿರ ಅನ್ನುವುದಕ್ಕೆ ಅಂಕ ಇಲ್ಲ. ಮೂರು ನಕ್ಷತ್ರದ ಕುಟುಂಬದವರೇ ನಡೆಸುವ ಹೋಟೆಲ್, ಒಳಗೇ ಊಟದ ವ್ಯವಸ್ಥೆ ಇರುವಂಥದ್ದು ನನ್ನ ಮೊದಲ ಆಯ್ಕೆ. 'ದೆಮಿ-ಪಾನ್ಸಿಯೋಂ' ಅಂತ ಕೇಳಿದರೆ ಕೋಣೆ, ತಿಂಡಿ, ರಾತ್ರಿ ಊಟ ಸೇರಿಸಿ ಒಂದು ದರ ಹೇಳುತ್ತಾರೆ. ಇಲ್ಲದಿದ್ದರೆ ತಿಂಡಿಗೇ ತಲೆಗೆ ಹನ್ನೆರಡರಿಂದ ಇಪ್ಪತ್ತು ಯೂರೊ ಬೇರೆ ಬೀಳಬಹುದು. ಅರಮನೆಯನ್ನೇ ಹೋಟೆಲ್ ಮಾಡಿದ ಕಡೆ ಕೋಣೆಗೆ ಸುಲಭವಾಗಿ 250 ಯೂರೊ ದಾಟುತ್ತದೆ. ಒಂದು ರಾತ್ರಿಯ ಮೋಜಿಗೆ ಸರಿ, ನಾಲ್ಕು ರಾತ್ರಿಗೆ ನಾನು ಕೊಡುವುದಿಲ್ಲ. ಅಲ್ಲಿ ಊಟಕ್ಕೆ ಇಸ್ತ್ರಿ ಬಟ್ಟೆ ಹಾಕಿಕೊಂಡೇ ಕೂರಬೇಕು, ಆರಾಮ ಎಲ್ಲಿ?

'ಶಾಂಬ್ರ್ ದೋತ್' ಅಂದರೆ ಮಾಲೀಕರು ತಾವಿರುವ ಮನೆಯಲ್ಲೇ ಕೊಡುವ ಕೋಣೆ. ಕಾನೂನಿನ ಪ್ರಕಾರ ಐದು ಕೋಣೆ, ಹದಿನೈದು ಜನಕ್ಕಿಂತ ಜಾಸ್ತಿ ಇರಕೂಡದು, ತಿಂಡಿ ಬೆಲೆಯಲ್ಲೇ ಸೇರಿರಬೇಕು. ಸುಮಾರಾಗಿ ಇಬ್ಬರಿಗೆ 80ರಿಂದ 130 ಯೂರೊ. ಕೆಲವರು ರಾತ್ರಿ ಊಟವನ್ನೂ ಹಾಕುತ್ತಾರೆ: ಒಂದೇ ಮೇಜು, ಎಲ್ಲರಿಗೂ ಒಂದೇ ಅಡುಗೆ, ಎರಡು ಗಂಟೆ ಹರಟೆ. ಮಾತು ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯಾರ ಮುಖವೂ ನೋಡುವುದು ಬೇಡ ಅಂತ ರಜೆ ಹಾಕಿ ಹೋದವರಿಗೆ ಹಿಂಸೆ.

ಎರಡು ಮೂರು ಸಂಸಾರ ಒಟ್ಟಿಗೆ ಹೋಗುವುದಾದರೆ 'ಜೀತ್' ನೋಡಿ. ಇಡೀ ಮನೆ ನಿಮ್ಮದೇ, ಅಡುಗೆಮನೆ ಸಮೇತ. ಸಂತೆಯಿಂದ ತರಕಾರಿ ತಂದು ಅನ್ನ ಸಾರು ಮಾಡಿಕೊಳ್ಳಬಹುದು. ಬೇಸಿಗೆಯಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ, ವಾರದ ಲೆಕ್ಕದಲ್ಲೇ ಕೊಡುತ್ತಾರೆ. ಹಾಸಿಗೆ ಬಟ್ಟೆ, ಕೊನೆಯ ದಿನದ ಸ್ವಚ್ಛತೆಗೆ ಬೇರೆ ದುಡ್ಡು ಇರುತ್ತದೆ. ಒಂದು ಮಾತು ಮಾತ್ರ ನಿಜ: ಅಲ್ಲೂ ಅಡುಗೆ ಮಾಡುವವರು ಮನೆಯ ಅದೇ ಹೆಂಗಸರಾದರೆ ಆರಾಮ ಯಾರಿಗೆ ಸಿಕ್ಕಿತು?

ಬುಕ್ ಮಾಡುವ ಮುಂಚೆ

ತಿಂಗಳು ಆರಿಸುವುದು ಸುಲಭ: ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಊಟ ಮುಗಿಸಿ ದಡದಲ್ಲಿ ನಡೆಯಬಹುದು. ದೋರ್ದೋನ್‌ನಲ್ಲಿ ನೀರಿಗೆ ಇಳಿಯಲೇಬೇಕು ಅಂದರೆ ಜೂನ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರಗಳು ವಾಸಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಂಥ ಎಷ್ಟೋ ಹೋಟೆಲ್‌ಗಳು ಮುಚ್ಚಿರುತ್ತವೆ.

ಜಾಗ ಗೊತ್ತಾದ ಮೇಲೆ ಹೋಟೆಲ್‌ಗೆ ಒಂದು ಮೇಲ್ ಬರೆಯಿರಿ. ಕೋಣೆಯ ಕಿಟಕಿ ನದಿಯ ಕಡೆಗಾ, ರಸ್ತೆಯ ಕಡೆಗಾ? ನಡುವೆ ರಸ್ತೆ ಇದೆಯಾ? ಹಳೆ ಗಿರಣಿಯಾದರೆ ನೀರು ಕಟ್ಟೆಯಿಂದ ಧುಮುಕುವ ಸದ್ದು ರಾತ್ರಿಯಿಡೀ ಇರುತ್ತದೆ. ಕೆಲವರಿಗೆ ಅದೇ ಜೋಗುಳ, ಕೆಲವರಿಗೆ ನಿದ್ದೆ ಇಲ್ಲ. ಲಿಫ್ಟ್ ಇದೆಯಾ? ಮುನ್ನೂರು ವರ್ಷದ ಮನೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಸುರುಳಿ ಮೆಟ್ಟಿಲು ಮಂಡಿನೋವಿನವರಿಗೆ ಆಗದು. ಸ್ನಾನಕ್ಕೆ ಟಬ್ ಒಂದೇನಾ, ನಿಂತು ಸ್ನಾನ ಮಾಡುವ ಜಾಗವೂ ಇದೆಯಾ? ಎಸಿ ಕೇಳಿ, ಆದರೆ ಇಲ್ಲ ಅಂದರೆ ಗಾಬರಿ ಬೇಡ. ದಪ್ಪ ಕಲ್ಲಿನ ಗೋಡೆ, ಮರದ ಕಿಟಕಿ ಬಾಗಿಲು ಹಗಲು ಮುಚ್ಚಿ ರಾತ್ರಿ ತೆರೆದರೆ ಪ್ರೊವಾನ್ಸ್ ಬಿಟ್ಟು ಉಳಿದ ಕಡೆ ಹೆಚ್ಚಿನ ದಿನ ಸಾಕಾಗುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಇರುವುದು ಅಪರೂಪ, ನದಿ ಪಕ್ಕ ಸೊಳ್ಳೆ ಇಲ್ಲದಿರುವುದೂ ಅಪರೂಪ. ಕೋಣೆಯಲ್ಲಿ ಕೆಟಲ್ ಇರಲೇಬೇಕು ಅಂತಿಲ್ಲ, ಬೆಳಿಗ್ಗೆ ಕಾಫಿ ಬೇಕಾದವರು ಪುಟ್ಟದೊಂದು ಒಯ್ಯಿರಿ.

ಎಷ್ಟು ಗಂಟೆಗೆ ಬಂದು ಸೇರುತ್ತೀರಿ ಅಂತಲೂ ಬರೆಯಿರಿ. ಚಿಕ್ಕ ಜಾಗಗಳಲ್ಲಿ ಸಂಜೆ ಏಳರ ಮೇಲೆ ಬಾಗಿಲು ತೆರೆಯಲು ಯಾರೂ ಇರದೇ ಇರಬಹುದು. ಬಿಲ್ಲಿನಲ್ಲಿ ದಿನಕ್ಕೆ ತಲೆಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಸೇರುತ್ತದೆ, 18 ತುಂಬದ ಮಕ್ಕಳಿಗೆ ಇಲ್ಲ. ಟಿಪ್ಸ್ ಕಡ್ಡಾಯವಲ್ಲ, ಊಟದ ಬೆಲೆಯಲ್ಲೇ ಸೇವೆಯ ದುಡ್ಡು ಸೇರಿರುತ್ತದೆ.

ಷೆಂಗೆನ್ ವೀಸಾಕ್ಕೆ ಬೆಂಗಳೂರಿನಲ್ಲೇ ವಿಎಫ್‌ಎಸ್ ಅನ್ನುವ ವೀಸಾ ಅರ್ಜಿ ಪಡೆಯುವ ಸಂಸ್ಥೆಯ ಮೂಲಕ ಅರ್ಜಿ ಹಾಕಬಹುದು, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ವಿಎಫ್‌ಎಸ್‌ನವರ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಬೇಕು. ಉಳಿಯುವ ಜಾಗದ ಬುಕಿಂಗ್ ಕೂಡ ತೋರಿಸಬೇಕು. ಸಮಸ್ಯೆ ಇರುವುದು ಇಲ್ಲೇ: ಶಾಂಬ್ರ್ ದೋತ್, ಜೀತ್‌ಗಳು ಸಾಮಾನ್ಯವಾಗಿ ಮುಂಗಡ ಕೇಳುತ್ತವೆ, ರದ್ದು ಮಾಡಿದರೆ ಅದು ವಾಪಸ್ ಬರುವುದು ಅನುಮಾನ. ವೀಸಾ ಕೈಗೆ ಬರುವವರೆಗೆ ಯಾವ ತಾರೀಖಿನವರೆಗೆ ರದ್ದು ಮಾಡಿದರೆ ಪೂರ್ತಿ ದುಡ್ಡು ಕೊಡುತ್ತೀರಿ ಅಂತ ಮಾಲೀಕರಿಂದ ಬರೆಸಿಕೊಂಡೇ ಮುಂಗಡ ಕಳಿಸಿ.